ತಾಲ್ಲೂಕು ಕೇಂದ್ರದಲ್ಲಿ ವಕೀಲರ ಕಚೇರಿ ಬೆಳೆಸುವ ಕ್ರಮ: ಡೈರಿಯಿಂದ ಕಾನೂನು ಅರಿವು ಕಾರ್ಯಕ್ರಮದವರೆಗೆ

ಹಿರಿಯರ ಕಚೇರಿಯಿಂದ ಹೊರಬಂದು ತಾಲ್ಲೂಕು ಕೇಂದ್ರದಲ್ಲಿ ಸ್ವಂತ ಕಚೇರಿ ತೆರೆದ ಕಿರಿಯ ವಕೀಲರು ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಮೊದಲ ವರ್ಷವೇ ದೊಡ್ಡ ಬೋರ್ಡು, ಹಬ್ಬಕ್ಕೊಂದು ಫ್ಲೆಕ್ಸ್, ಹಳ್ಳಿಗೊಂದು ಉಚಿತ ಶಿಬಿರ. ಜನ ಬರುತ್ತಾರೆ. ಬಂದವರ ಕಾಗದಗಳು ಎಲ್ಲಿವೆ ಎಂಬುದು ಮರುತಿಂಗಳು ಕಚೇರಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಒಂದೆರಡು ವಾಯಿದೆ (ವಿಚಾರಣೆಯ ತಾರೀಖು) ತಪ್ಪುತ್ತವೆ, ಒಂದು ದಾವೆ ಗೈರುಹಾಜರಿಗಾಗಿ ವಜಾ ಆಗುತ್ತದೆ, ಉಳಿದದ್ದನ್ನು ಊರಿನ ಬಾಯಿ ನೋಡಿಕೊಳ್ಳುತ್ತದೆ.

ಸರದಿಯನ್ನು ತಿರುಗುಮುರುಗು ಮಾಡಿದ್ದೇ ಇದಕ್ಕೆ ಕಾರಣ. ಕಚೇರಿಯೊಳಗಿನ ವ್ಯವಸ್ಥೆ ಮೊದಲು, ಊರಿನ ನಡುವಿನ ಕೆಲಸ ಆಮೇಲೆ, ವಿಸ್ತರಣೆ ಕೊನೆಗೆ. ಕೆಳಗಿನ ಹಂತಗಳು ಅದೇ ಸರದಿಯಲ್ಲಿವೆ. ಒಂದನ್ನು ಮುಗಿಸದೆ ಮುಂದಿನದಕ್ಕೆ ಹಾರಬೇಡಿ.

ಕೈಗೆ ಸಿಗುವಂತೆ ಇರಬೇಕಾದ್ದು

ನ್ಯಾಯಾಲಯದ ಡೈರಿ ಎರಡು (ಒಂದು ಕೋಟಿನ ಜೊತೆ ಓಡಾಡಲು, ಇನ್ನೊಂದು ಮೇಜು ಬಿಟ್ಟು ಕದಲದಂತೆ), ಗೆರೆ ಹಾಕಿದ ದಪ್ಪ ರಿಜಿಸ್ಟರ್ ಮೂರು, ರಸೀದಿ ಪುಸ್ತಕ, ಬೀಗವಿರುವ ಬೀರು, ಸ್ಕ್ಯಾನರ್, ಕನ್ನಡ ಟೈಪಿಂಗ್‌ಗೆ ನುಡಿ ತಂತ್ರಾಂಶವಿರುವ ಕಂಪ್ಯೂಟರ್, ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ (ಪ್ರಕರಣದ ಸ್ಥಿತಿ, ತಾರೀಖು ತೋರಿಸುವ ಸರ್ಕಾರಿ ಆ್ಯಪ್). ದುಬಾರಿ ಕಾನೂನು ತಂತ್ರಾಂಶ ಈಗಲೇ ಬೇಡ. ರಿಜಿಸ್ಟರ್ ಬರೆಯದವರು ತಂತ್ರಾಂಶವನ್ನೂ ತುಂಬುವುದಿಲ್ಲ.

ಹಂತ 1: ಬೋರ್ಡು ಬರೆಸುವ ಮೊದಲು ನಿಯಮ 36 ಓದಿ

1961ರ ವಕೀಲರ ಅಧಿನಿಯಮದ ಅಡಿಯಲ್ಲಿ ಭಾರತೀಯ ವಕೀಲರ ಪರಿಷತ್ತು ರೂಪಿಸಿರುವ ನಡತೆ ನಿಯಮಗಳಲ್ಲಿ 36ನೆಯದು ನೇರವಾಗಿಯಾಗಲಿ ಬಳಸು ದಾರಿಯಲ್ಲಾಗಲಿ ಕೆಲಸ ಕೋರುವುದನ್ನು, ಜಾಹೀರಾತು ಕೊಡುವುದನ್ನು ನಿಷೇಧಿಸುತ್ತದೆ. ಕರಪತ್ರ, ದಲ್ಲಾಳಿ, ತಾನು ನಡೆಸುತ್ತಿರುವ ಪ್ರಕರಣದ ಬಗ್ಗೆ ಪತ್ರಿಕೆಗೆ ಹೇಳಿಕೆ ಬರೆಸುವುದು, ಫೋಟೊ ಹಾಕಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಬೋರ್ಡು ಸಾಧಾರಣ ಅಳತೆಯದ್ದಾಗಿರಬೇಕು. ಯಾವುದೇ ಸಂಘದ ಅಧ್ಯಕ್ಷ ಅಥವಾ ಸದಸ್ಯ ಎಂದಾಗಲಿ, ಇಂಥ ಪ್ರಕರಣಗಳಲ್ಲಿ ಪರಿಣತ ಎಂದಾಗಲಿ ಅದರ ಮೇಲೆ ಬರೆಸುವಂತಿಲ್ಲ. ಲೆಟರ್‌ಹೆಡ್‌ಗೂ ಇದೇ ಮಾತು.

ನಮ್ಮ ಊರುಗಳ ಬೀದಿಯಲ್ಲಿ ನಡೆದರೆ ಈ ನಿಯಮ ಯಾರಿಗೂ ಗೊತ್ತಿಲ್ಲವೇನೋ ಅನಿಸುತ್ತದೆ. "ಸಿವಿಲ್, ಕ್ರಿಮಿನಲ್, ಜೀವನಾಂಶ, ಅಪಘಾತ ಪರಿಹಾರ" ಎಂದು ಪಟ್ಟಿ ಬರೆಸಿದ ಬೋರ್ಡುಗಳಿವೆ. ಗಣೇಶೋತ್ಸವದ ಫ್ಲೆಕ್ಸ್‌ನಲ್ಲಿ ಕೋಟು, ಕೊರಳಿನ ಬಿಳಿ ಬ್ಯಾಂಡ್ ಹಾಕಿ ಕೈಮುಗಿದು ನಿಂತ ಫೋಟೊಗಳಿವೆ, ಕಬಡ್ಡಿ ಪಂದ್ಯಾವಳಿಯ ಬನಿಯನ್ನಿನ ಬೆನ್ನಿನ ಮೇಲೆ ಕಚೇರಿಯ ಹೆಸರಿದೆ. ಬೇರೆಯವರು ಮಾಡುತ್ತಿದ್ದಾರೆ ಎಂಬುದು ಶಿಸ್ತು ಸಮಿತಿಯ ಮುಂದೆ ಉತ್ತರವಾಗುವುದಿಲ್ಲ. ಅಧಿನಿಯಮದ ಕಲಂ 35ರಲ್ಲಿ ವಾಗ್ದಂಡನೆಯಿಂದ ಹಿಡಿದು ಪಟ್ಟಿಯಿಂದ ಹೆಸರು ತೆಗೆಯುವವರೆಗೂ ಅವಕಾಶವಿದೆ.

ವೆಬ್‌ಸೈಟ್‌ಗೆ ದಾರಿ ಇದೆ. 2008ರ ತಿದ್ದುಪಡಿಯ ಪ್ರಕಾರ ಹೆಸರು, ವಿಳಾಸ, ದೂರವಾಣಿ, ಇಮೇಲ್, ನೋಂದಣಿ ಸಂಖ್ಯೆ ಮತ್ತು ದಿನಾಂಕ, ನೋಂದಾಯಿಸಿಕೊಂಡ ರಾಜ್ಯ ಪರಿಷತ್ತು, ವಿದ್ಯಾರ್ಹತೆ, ವೃತ್ತಿ ನಡೆಸುವ ಕ್ಷೇತ್ರ ಇಷ್ಟನ್ನು ಹಾಕಬಹುದು. ಗೆದ್ದ ಪ್ರಕರಣಗಳ ಪಟ್ಟಿ, ಕಕ್ಷಿದಾರರ ಹೊಗಳಿಕೆ, ನಕ್ಷತ್ರಗಳ ರೇಟಿಂಗ್ ಈ ಪಟ್ಟಿಯಲ್ಲಿಲ್ಲ. ವಕೀಲರ ಸೇವೆಯನ್ನು ಆನ್‌ಲೈನಿನಲ್ಲಿ ಮಾರುವ ಜಾಲತಾಣಗಳ ವಿರುದ್ಧ ಕ್ರಮಕ್ಕೆ ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ನಿರ್ದೇಶಿಸಿದ ಮೇಲೆ ಪರಿಷತ್ತು ಈ ವಿಷಯದಲ್ಲಿ ಬಿಗಿಯಾಗಿದೆ. ಹಣ ಕೊಟ್ಟು ಹೆಸರು ಮೇಲಕ್ಕೆ ತರಿಸುವ ಯೋಜನೆ ಹಿಡಿದು ಯಾರಾದರೂ ಫೋನ್ ಮಾಡಿದರೆ ಬೇಡವೆಂದು ಹೇಳಿ ಇಟ್ಟುಬಿಡಿ.

ಎಚ್ಚರಿಕೆ: ತೀರ್ಪು ಬಂದ ಸಂಜೆ ಅದನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಕೆನ್ನಿಸಿದರೆ ಫೋನನ್ನು ಗುಮಾಸ್ತರ ಕೈಗೆ ಕೊಡಿ.

ಹಂತ 2: ಜಾಗ

ನ್ಯಾಯಾಲಯಕ್ಕೆ ನಡೆದು ಹೋಗುವಷ್ಟು ಹತ್ತಿರ, ಸಾಧ್ಯವಾದರೆ ನೆಲಮಹಡಿ. ಊರುಗೋಲು ಹಿಡಿದು ಬರುವವರೇ ಹೆಚ್ಚು. ಮುಂದಿನ ಕೋಣೆಯಲ್ಲಿ ಕುಳಿತವರಿಗೆ ಒಳಗಿನ ಮಾತು ಕೇಳಿಸದಂತೆ ಒಂದು ಬಾಗಿಲು ಬೇಕೇ ಬೇಕು. ಗಂಡನ ಮನೆಯ ಹೊಡೆತದ ವಿಷಯವನ್ನು ಯಾವ ಹೆಣ್ಣುಮಗಳೂ ಐದು ಜನರ ಮುಂದೆ ಹೇಳುವುದಿಲ್ಲ. ಉಳಿದ ಅಲಂಕಾರಕ್ಕೆ ಅವಸರವಿಲ್ಲ.

ಹಂತ 3: ಡೈರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಲಿ. ಕಚೇರಿ ಬೆಳೆಯುವುದೂ ಮುಳುಗುವುದೂ ಡೈರಿಯಲ್ಲೇ.

ವಾಯಿದೆ ಬರೆಯುವ ಸಾಲಿನಲ್ಲಿ ಪ್ರಕರಣ ಸಂಖ್ಯೆ ಮತ್ತು ತಾರೀಖು ಮಾತ್ರ ಇದ್ದರೆ ಸಾಲದು. ಯಾವ ಕೋರ್ಟ್ ಹಾಲ್, ಯಾವ ಹಂತ, ಆ ದಿನ ನಮ್ಮಿಂದ ಆಗಬೇಕಾದ್ದೇನು, ಕಕ್ಷಿದಾರರು ಬರಬೇಕೇ ಬೇಡವೇ, ಇಷ್ಟೂ ಇರಬೇಕು. "ಓ.ಎಸ್. (ಮೂಲ ದಾವೆ), ವಾದಿ ಸಾಕ್ಷ್ಯ, ಪ್ರಮಾಣಪತ್ರ ಸಿದ್ಧಪಡಿಸಬೇಕು, ಅಸಲು ಕ್ರಯಪತ್ರ ತರಿಸಬೇಕು" ಎಂದು ಬರೆದ ಸಾಲು ನಾಲ್ಕು ದಿನ ಮೊದಲೇ ಕೆಲಸ ಹಚ್ಚುತ್ತದೆ. ಬರೀ "ಓ.ಎಸ್." ಎಂದಿರುವ ಸಾಲು ಬೆಳಿಗ್ಗೆ ಹತ್ತೂವರೆಗೆ ಗಾಬರಿ ಹುಟ್ಟಿಸುತ್ತದೆ, ಅಷ್ಟೆ.

ಪ್ರತಿ ಫೈಲಿನ ಮೇಲೆ ನ್ಯಾಯಾಲಯ ಆಯಾ ಪ್ರಕರಣಕ್ಕೆ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬರೆಯಿರಿ. ಅದನ್ನು ಇ-ಕೋರ್ಟ್ಸ್ ಆ್ಯಪ್‌ಗೆ ಸೇರಿಸಿ, ವಾರಕ್ಕೊಮ್ಮೆ ಆ್ಯಪ್‌ನ ತಾರೀಖನ್ನು ಡೈರಿಯ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಬೆಂಚ್ ಕ್ಲರ್ಕ್ ಬಳಿ ಹೋಗಿ ಕೇಳಿ. ಆ್ಯಪ್ ಇದೆಯೆಂದು ಡೈರಿ ಬಿಟ್ಟವರೂ, ಡೈರಿ ಇದೆಯೆಂದು ಆ್ಯಪ್ ನೋಡದವರೂ ಒಂದೇ ಗುಂಡಿಗೆ ಬೀಳುತ್ತಾರೆ.

ಕಾಲಮಿತಿಗೆ ಬೇರೆ ರಿಜಿಸ್ಟರ್ ಇಡಿ. ವಾಯಿದೆ ತಪ್ಪಿದರೆ ಅರ್ಜಿ ಹಾಕಿ ಸರಿಪಡಿಸಬಹುದು, ಕಾಲಮಿತಿ ಎಲ್ಲ ಸಲ ಹಾಗಲ್ಲ. ಚೆಕ್ ಬೌನ್ಸ್ ಪ್ರಕರಣವನ್ನೇ ನೋಡಿ. ಬ್ಯಾಂಕಿನಿಂದ ಚೆಕ್ ವಾಪಸಾದ ಮೆಮೊ ತಲುಪಿದ ದಿನ ಒಂದು ಸಾಲು, ಅಲ್ಲಿಂದ 30 ದಿನದೊಳಗೆ ನೋಟಿಸ್ ಹೊರಡಬೇಕು. ನೋಟಿಸ್ ಎದುರಾಳಿಗೆ ಮುಟ್ಟಿದ ದಿನ ಎರಡನೇ ಸಾಲು, ಅಲ್ಲಿಂದ 15 ದಿನ ಹಣ ಕೊಡಲು ಅವರಿಗಿರುವ ಕಾಲ. ಆ 15 ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ದೂರು ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ನೋಟಿಸಿನ 30 ದಿನಕ್ಕೆ ಆ ದಯೆ ಇಲ್ಲ. ಅಷ್ಟರಲ್ಲಿ ಚೆಕ್‌ನ ಮೂರು ತಿಂಗಳ ಆಯುಷ್ಯವೂ ಮುಗಿದಿದ್ದರೆ ಅದನ್ನು ಮತ್ತೆ ಬ್ಯಾಂಕಿಗೆ ಹಾಕುವ ದಾರಿಯೂ ಮುಚ್ಚುತ್ತದೆ. ಅಂಚೆ ಸ್ವೀಕೃತಿಯನ್ನು ಫೈಲಿನ ಒಳಬದಿಗೆ ಅಂಟಿಸಿ. ಅದು ಕಳೆದರೆ ದಿನ ಎಣಿಸುವುದು ಎಲ್ಲಿಂದ?

ಇದೇ ರಿಜಿಸ್ಟರಿಗೆ ಲಿಖಿತ ಹೇಳಿಕೆ (30 ದಿನ, ಕಾರಣ ಕೊಟ್ಟರೆ 90ರವರೆಗೆ), ಗೈರುಹಾಜರಿಗಾಗಿ ವಜಾ ಆದ ದಾವೆಯ ಮರುಸ್ಥಾಪನೆ (30 ದಿನ), ಮೇಲ್ಮನವಿ (ಜಿಲ್ಲೆಯೊಳಗಿನ ನ್ಯಾಯಾಲಯಕ್ಕೆ 30, ಹೈಕೋರ್ಟಿಗೆ 90 ದಿನ) ಎಲ್ಲ ಬರಬೇಕು. ತೀರ್ಪಿನ ದೃಢೀಕೃತ ನಕಲು ಕೈಗೆ ಬಂದಾಗ ಅದರ ಮೇಲಿನ ಮೊಹರು ನೋಡಿ: ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ. ನಕಲು ಪಡೆಯಲು ಬೇಕಾದ ಕಾಲವನ್ನು ಮೇಲ್ಮನವಿಯ ಲೆಕ್ಕದಿಂದ ಕಳೆಯಬಹುದು. ಸಿದ್ಧವಾದ ಮೇಲೂ ನೀವು ಹೋಗಿ ತಾರದೆ ಕಳೆದ ದಿನಗಳನ್ನು ಕಳೆಯಲಾಗದು. ಬಹಳ ಕಿರಿಯರು ಕೊನೆಯ ತಾರೀಖಿನಿಂದ ಲೆಕ್ಕ ಹಿಡಿದು ಸಿಕ್ಕಿಬೀಳುತ್ತಾರೆ. ರಜೆಯಲ್ಲಿ ಕಾಲ ಮುಗಿದರೆ ನ್ಯಾಯಾಲಯ ತೆರೆದ ದಿನವೇ ಸಲ್ಲಿಸಬೇಕು, ಮರುದಿನ ಅಲ್ಲ.

ಹಂತ 4: ಸಂಜೆಯ ಕರೆ

ನ್ಯಾಯಾಲಯದಿಂದ ಬಂದ ಮೇಲೆ ಅಂದಿನ ಪ್ರತಿ ಪ್ರಕರಣದ ಕಕ್ಷಿದಾರರಿಗೆ ಒಂದು ಫೋನ್, ಇಲ್ಲವೇ ಎರಡು ಸಾಲಿನ ಸಂದೇಶ. "ಇಂದು ಪ್ರತಿವಾದಿಗಳ ವಕೀಲರು ಸಮಯ ಕೇಳಿದರು. ಮುಂದಿನ ತಾರೀಖು ಇಂಥದ್ದು. ಆ ದಿನ ನೀವು ಬರುವುದು ಬೇಡ." ಇಷ್ಟು ಸಾಕು.

"ಬರುವುದು ಬೇಡ" ಎಂಬ ಮಾತಿಗೆ ಹಳ್ಳಿಯಲ್ಲಿ ಬೆಲೆ ಹೆಚ್ಚು. ಒಂದು ದಿನದ ಕೂಲಿ, ಬಸ್ ಖರ್ಚು, ಹಾಲು ಕರೆಯಲು ಇನ್ನೊಬ್ಬರ ಕೈಕಾಲು ಹಿಡಿಯುವುದು ಎಲ್ಲ ಉಳಿಯಿತು. ವಾಯಿದೆಗೆ ಬಂದು ಮರದ ಕೆಳಗೆ ಸಂಜೆವರೆಗೆ ಕುಳಿತು, ಏನಾಯಿತೆಂದು ತಿಳಿಯದೆ ಹೋದವರು ಊರಿನಲ್ಲಿ ಏನು ಹೇಳುತ್ತಾರೆ ಎಂಬುದನ್ನು ಊಹಿಸಿಕೊಳ್ಳಿ. ಜಾಹೀರಾತು ನಿಷಿದ್ಧವಾದ ವೃತ್ತಿಯಲ್ಲಿ ಹೊಸಬರನ್ನು ಕರೆತರುವವರು ಹಳೆಯ ಕಕ್ಷಿದಾರರೇ, ಅದೂ ಈ ಫೋನಿನ ಕಾರಣಕ್ಕೆ. ಸೋತ ಪ್ರಕರಣದವರೂ ಮತ್ತೆ ಬರುತ್ತಾರೆ, ಏನಾಯಿತೆಂದು ಅವರಿಗೆ ಕಾಲಕಾಲಕ್ಕೆ ಗೊತ್ತಿದ್ದರೆ.

ಹಂತ 5: ಹೆಸರು ಪುಸ್ತಕ

ಸಣ್ಣ ಊರಿನಲ್ಲಿ ಎಲ್ಲರೂ ನೆಂಟರು. ಇಂದು ತಂಗಿ ಬಂದು ಪಾಲಿನ ದಾವೆಯ ಸಲಹೆ ಕೇಳುತ್ತಾರೆ, ಮುಂದಿನ ತಿಂಗಳು ಅಣ್ಣ ವಕಾಲತ್ತು ಹಿಡಿದು ಬರುತ್ತಾರೆ. ದಾವೆ ಹೂಡುವ ಬಗ್ಗೆ ಒಬ್ಬರಿಗೆ ಸಲಹೆ ಕೊಟ್ಟವರು ಅಥವಾ ಅರ್ಜಿ ಬರೆದುಕೊಟ್ಟವರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲುವಂತಿಲ್ಲ. ಉಚಿತವಾಗಿ ಕೊಟ್ಟ ಸಲಹೆಯೂ ಸಲಹೆಯೇ.

ಹಾಗಾಗಿ ಬಂದವರೆಲ್ಲರ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಎದುರಾಳಿಯ ಹೆಸರು, ಜಮೀನಿನ ವಿಷಯವಾದರೆ ಸರ್ವೆ ನಂಬರ್ ಮತ್ತು ಹಿಸ್ಸಾ, ಇಷ್ಟನ್ನು ಒಂದು ರಿಜಿಸ್ಟರಿನಲ್ಲಿ ಬರೆಯಿರಿ. ಹೆಸರಿಗಿಂತ ಸರ್ವೆ ನಂಬರ್ ಹೆಚ್ಚು ನಂಬಿಕೆಗೆ ಅರ್ಹ. ಒಂದೇ ಊರಿನಲ್ಲಿ ಅದೇ ಹೆಸರಿನ ನಾಲ್ಕು ಜನ ಇರಬಹುದು, ಸರ್ವೆ ನಂಬರ್ ಒಂದೇ. ಹೊಸಬರು ಬಂದಾಗ ಕತೆ ಕೇಳುವ ಮೊದಲು ಈ ಪುಸ್ತಕ ತೆಗೆಯಬೇಕು. ಕತೆ ಪೂರ್ತಿ ಕೇಳಿದ ಮೇಲೆ ತೆಗೆದರೆ ಎರಡೂ ಕಡೆಯ ಗುಟ್ಟು ನಿಮ್ಮ ಹೊಟ್ಟೆಯಲ್ಲಿ, ಇಬ್ಬರ ಕೇಸೂ ನಿಮ್ಮ ಕೈಯಲ್ಲಿಲ್ಲ.

ಹಂತ 6: ಮೊದಲ ಭೇಟಿ

ಮಾತಾಡುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು ಎಂಬ ಜೋಡಿ ಬಂದಾಗ ಎಚ್ಚರವಿರಲಿ. ಕೇಳಿದ ಪ್ರಶ್ನೆಗೆಲ್ಲ ಮೈದುನ ಉತ್ತರಿಸುತ್ತಿದ್ದರೆ, "ನೀವು ಸ್ವಲ್ಪ ಹೊರಗೆ ಕುಳಿತಿರಿ, ಅಮ್ಮನವರ ಜೊತೆ ಮಾತಾಡುತ್ತೇನೆ" ಎಂದು ಕಳಿಸಿ. ಆಗ ಬರುವ ಕತೆ ಎಷ್ಟೋ ಸಲ ಬೇರೆಯೇ ಇರುತ್ತದೆ.

ಭೂಮಿಯ ವಿಷಯದಲ್ಲಿ ಪಹಣಿ, ಮ್ಯುಟೇಶನ್, ಋಣಭಾರ ಪ್ರಮಾಣಪತ್ರ, ವಂಶವೃಕ್ಷ ಇವು ನಾಲ್ಕೂ ಬಾರದೆ ಅಭಿಪ್ರಾಯ ಹೇಳಬೇಡಿ. "ಇದು ನೂರಕ್ಕೆ ನೂರು ನಮ್ಮದೇ ಕೇಸು" ಎಂದು ಮೊದಲ ದಿನ ಹೇಳುವ ಚಟ ಬಹಳ ಕಚೇರಿಗಳನ್ನು ತಿಂದಿದೆ. ಅಸಲು ದಾಖಲೆ ತೆಗೆದುಕೊಂಡರೆ ಪಟ್ಟಿ ಮಾಡಿ, ಎರಡು ಪ್ರತಿಯಲ್ಲಿ ಸಹಿ ಹಾಕಿಸಿ, ಒಂದನ್ನು ಅವರಿಗೆ ಕೊಡಿ. ಸ್ಕ್ಯಾನ್ ಮಾಡಿ ಅಂದೇ ಹಿಂದಿರುಗಿಸುವುದು ಇನ್ನೂ ಒಳ್ಳೆಯದು.

ಹಂತ 7: ಶುಲ್ಕ ಮತ್ತು ಲೆಕ್ಕ

ಶುಲ್ಕವನ್ನು ಹಂತವಾರು ಹೇಳಿ, ಕಾಗದದ ಮೇಲೆ ಬರೆದು ಕೊಡಿ: ದಾವೆ ಸಲ್ಲಿಸುವಾಗ ಇಷ್ಟು, ಸಾಕ್ಷ್ಯಕ್ಕೆ ಮೊದಲು ಇಷ್ಟು, ವಾದಕ್ಕೆ ಇಷ್ಟು. ನ್ಯಾಯಾಲಯ ಶುಲ್ಕ, ಪ್ರೋಸೆಸ್ (ಸಮನ್ಸ್, ನೋಟಿಸ್ ಜಾರಿ ಶುಲ್ಕ), ನಕಲು ಖರ್ಚು ಬೇರೆ. ಕಕ್ಷಿದಾರರ ಹಣ ಬಂದಾಗ ಅದು ಶುಲ್ಕವೋ ಖರ್ಚೋ ಎಂದು ಲೆಕ್ಕದಲ್ಲಿ ಬೇರೆ ಬೇರೆ ತೋರಿಸುವುದು ನಿಯಮದ ಪ್ರಕಾರವೇ ಕಡ್ಡಾಯ. ಐನೂರು ರೂಪಾಯಿ ಕೊಟ್ಟರೂ ರಸೀದಿ ಹರಿಯಿರಿ.

ಇಲ್ಲಿ ಕಾಲು ಜಾರುವ ಜಾಗ ನಾಲ್ಕು. ಮೊದಲನೆಯದು, ಭೂಸ್ವಾಧೀನ ಮತ್ತು ಅಪಘಾತ ಪ್ರಕರಣಗಳಲ್ಲಿ "ಬಂದ ಪರಿಹಾರದಲ್ಲಿ ನನಗಿಷ್ಟು" ಎಂಬ ಒಪ್ಪಂದ. ಫಲಿತಾಂಶಕ್ಕೆ ಕಟ್ಟಿದ ಶುಲ್ಕವನ್ನು ನಿಯಮ 20 ನಿಷೇಧಿಸುತ್ತದೆ, ಊರಿಗೆಲ್ಲ ಇದು ರೂಢಿ ಎಂದರೂ. ಎರಡನೆಯದು, ದಾವೆಗೆಂದು ಕಕ್ಷಿದಾರರಿಗೆ ಕೈಸಾಲ ಕೊಡುವುದು. ನಿಯಮ 32 ಇದನ್ನು ತಡೆಯುತ್ತದೆ. ಮೂರನೆಯದು, ಪಕ್ಕದ ಕಚೇರಿಗಿಂತ ಕಡಿಮೆ ಎಂದು ದರ ಇಳಿಸುವುದು. ಕೊಡಬಲ್ಲವರಿಂದ ನಿಗದಿತ ಶುಲ್ಕಕ್ಕಿಂತ ಕಡಿಮೆ ಪಡೆಯಬಾರದೆಂದು ನಿಯಮವೇ ಹೇಳುತ್ತದೆ. ನಾಲ್ಕನೆಯದು, ಬಾಕಿ ಕೊಡಲಿಲ್ಲವೆಂದು ಫೈಲ್ ಹಿಡಿದಿಟ್ಟುಕೊಳ್ಳುವುದು. ಶುಲ್ಕದ ಬಾಕಿಗಾಗಿ ಕಕ್ಷಿದಾರರ ಕಾಗದಗಳ ಮೇಲೆ ವಕೀಲರಿಗೆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಕೇಸು ಬೇರೆಯವರಿಗೆ ಹೋಗುತ್ತಿದ್ದರೆ ಫೈಲ್ ಕೊಡಿ, ಬಾಕಿಯನ್ನು ಬೇರೆ ದಾರಿಯಲ್ಲಿ ಕೇಳಿ.

ಹಂತ 8: ಗುಮಾಸ್ತರು, ಕಿರಿಯರು

ಮೊದಲು ಗುಮಾಸ್ತರು, ಆಮೇಲೆ ಕಿರಿಯ ವಕೀಲರು. ಶಿರಸ್ತೇದಾರರ ಆಕ್ಷೇಪಣೆ ಸರಿಪಡಿಸುವುದು, ಪ್ರೋಸೆಸ್ ಕಟ್ಟುವುದು, ನಕಲು ಅರ್ಜಿಯ ಬೆನ್ನು ಹತ್ತುವುದು ಬಲ್ಲ ಗುಮಾಸ್ತರು ಸಿಕ್ಕರೆ ಸಂಬಳದಲ್ಲಿ ಚೌಕಾಸಿ ಮಾಡಬೇಡಿ. ಕೇಸು ತಂದವರಿಗೆ ಕಮಿಷನ್ ಕೊಡುವ ಪದ್ಧತಿ ಮಾತ್ರ ಬೇಡ, ಅದು ಗುಮಾಸ್ತರಾದರೂ, ಆಸ್ಪತ್ರೆ ಬಾಗಿಲಿನ ದಲ್ಲಾಳಿಯಾದರೂ. ವಕೀಲರ ಅಧಿನಿಯಮಕ್ಕೆ ಸೇರಿಸಿದ ಕಲಂ 45ಎ ಪ್ರಕಾರ ನ್ಯಾಯಾಲಯಗಳು ದಲ್ಲಾಳಿಗಳ ಪಟ್ಟಿ ಪ್ರಕಟಿಸಬಹುದು. ಪಟ್ಟಿಯಲ್ಲಿದ್ದೂ ದಲ್ಲಾಳಿತನ ಮಾಡಿದವರಿಗೆ ಮೂರು ತಿಂಗಳವರೆಗೆ ಸಜೆಯಾಗಬಹುದು.

ಇದರ ತಮ್ಮನಂಥ ತಪ್ಪು ಇನ್ನೊಂದಿದೆ. ಉಪನೋಂದಣಾಧಿಕಾರಿ ಕಚೇರಿಯ ಸುತ್ತ ಬೇರೆ ಯಾರೋ ಬರೆದ ಪತ್ರಗಳಿಗೆ ಓದದೆ ಸಹಿ, ಮೊಹರು ಹಾಕಿಕೊಡುವುದು. ನಿಮ್ಮ ಹೆಸರನ್ನು ಹಾಗೆ ಬಾಡಿಗೆಗೆ ಬಿಡಬೇಡಿ.

ಕಿರಿಯರನ್ನು ಯಾವಾಗ ಸೇರಿಸಿಕೊಳ್ಳಬೇಕು? ಒಂದೇ ಹೊತ್ತಿಗೆ ಎರಡು ಹಾಲ್‌ಗಳಲ್ಲಿ ನಿಮ್ಮ ಪ್ರಕರಣ ಕೂಗಿ, ಒಂದನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರೆಂದು ವಾರದಲ್ಲಿ ಹಲವು ಸಲ ಪಾಸ್‌ಓವರ್ ಕೇಳುವ ಸ್ಥಿತಿ ಬಂದಾಗ. ಅದಕ್ಕೆ ಮೊದಲು ಬೇಡ. ಸೇರಿಸಿಕೊಂಡ ಮೇಲೆ ಹಣ ಕೊಡಿ. "ನಾವೂ ಹೀಗೇ ಕಲಿತದ್ದು" ಎಂಬ ಮಾತು ಬಸ್ ಪಾಸ್ ಕೊಡಿಸುವುದಿಲ್ಲ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್ ಸುತ್ತೋಲೆಯಲ್ಲಿ ಕಿರಿಯರಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಶಿಫಾರಸು ಮಾಡಿದೆ. ಕಡ್ಡಾಯವಲ್ಲ, ಆದರೆ ಎಲ್ಲಿಂದ ಮಾತು ಶುರುಮಾಡಬೇಕೆಂದು ಅದರಿಂದ ತಿಳಿಯುತ್ತದೆ.

ಹಂತ 9: ಊರಿನ ಕೆಲಸಕ್ಕೆ ಸರಿಯಾದ ಬಾಗಿಲು

ಈಗ, ಮೊದಲ ಎಂಟು ಹಂತ ಕಾಲೂರಿದ ಮೇಲೆ, ಹೊರಗೆ ಹೊರಡಬಹುದು. ಹಣ ಕೊಡಲಾಗದವರಿಗೂ ವಕೀಲರ ನೆರವು ಸಿಗಬೇಕು, ನಮ್ಮ ಶಕ್ತಿಯ ಮಿತಿಯೊಳಗೆ ಅದನ್ನು ಕೊಡುವುದು ವೃತ್ತಿಯ ದೊಡ್ಡ ಹೊಣೆಗಳಲ್ಲೊಂದು ಎಂದು ನಿಯಮ 46 ಹೇಳುತ್ತದೆ. "ಶಕ್ತಿಯ ಮಿತಿಯೊಳಗೆ" ಎಂಬುದನ್ನು ಮರೆತು ಎಲ್ಲವನ್ನೂ ಪುಕ್ಕಟೆ ಮಾಡಲು ಹೊರಟವರು ಎರಡು ವರ್ಷದಲ್ಲಿ ಯಾರಿಗೂ ಏನನ್ನೂ ಮಾಡಲಾಗದ ಸ್ಥಿತಿಗೆ ಬರುತ್ತಾರೆ.

ಸರಿಯಾದ ಬಾಗಿಲು ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ಹೆಚ್ಚಾಗಿ ನಿಮ್ಮ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಮೂರು ವರ್ಷಕ್ಕಿಂತ ಕಡಿಮೆಯಿಲ್ಲದ ಅನುಭವವಿದ್ದರೆ ಪ್ಯಾನಲ್ ವಕೀಲರಾಗಲು ಅರ್ಜಿ ಹಾಕಬಹುದು. ಪ್ಯಾನಲ್ ಪ್ರಕರಣದಲ್ಲಿ ಗೌರವಧನ ಸಮಿತಿಯಿಂದ ಬರುತ್ತದೆ. ನೆರವು ಪಡೆದವರಿಂದ "ಓಡಾಟದ ಖರ್ಚು" ಎಂದು ನೂರು ರೂಪಾಯಿ ಪಡೆದರೂ ತಪ್ಪು. ಜಿಲ್ಲಾ ಮಟ್ಟದ ಕಾನೂನು ನೆರವು ಅಭಿರಕ್ಷಕರ (ಕ್ರಿಮಿನಲ್ ಪ್ರಕರಣಗಳ ಆರೋಪಿಗಳ ಪರ ಉಚಿತವಾಗಿ ವಾದಿಸುವವರು) ಕಚೇರಿ ಬೇರೆ ವ್ಯವಸ್ಥೆ. ಅಲ್ಲಿ ಪೂರ್ಣಾವಧಿ ಕೆಲಸ, ಖಾಸಗಿ ವಕಾಲತ್ತು ಹಾಕುವಂತಿಲ್ಲ. ಸ್ವಂತ ಕಚೇರಿ ಬೆಳೆಸಬೇಕೆನ್ನುವವರಿಗೆ ಅದು ಹೊಂದುವುದಿಲ್ಲ.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಕಲಂ 12 ಬಾಯಿಪಾಠವಾಗಿರಲಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ವಿಪತ್ತಿಗೆ ಸಿಕ್ಕವರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ಆದಾಯ ಮಿತಿ ಇದೆ. ನಿಮ್ಮ ಕಚೇರಿಗೆ ಬಂದವರು ಈ ಪಟ್ಟಿಯಲ್ಲಿದ್ದು ಶುಲ್ಕ ಕೊಡಲಾರದ ಸ್ಥಿತಿಯಲ್ಲಿದ್ದರೆ ಸಮಿತಿಯ ದಾರಿ ತೋರಿಸಿ. ಸಹಾಯವಾಣಿ 15100ನ್ನು ಬರೆದುಕೊಡಿ. ಕೇಸು ಕೈತಪ್ಪಿತೆಂದು ಕೊರಗಬೇಡಿ, ಶುಲ್ಕ ಬಾರದ ಕೇಸು ಅರ್ಧಕ್ಕೆ ನಿಂತು ನಿಮ್ಮ ಹೆಸರಿಗೇ ಅಂಟಿಕೊಳ್ಳುತ್ತಿತ್ತು.

ಲೋಕ ಅದಾಲತ್‌ಗೆ ಪ್ರಕರಣ ಕಳಿಸುವಾಗ ರಾಜಿ ಅರ್ಜಿಯನ್ನು ಇಬ್ಬರಿಗೂ ಕನ್ನಡದಲ್ಲಿ ಓದಿ ಹೇಳಿ. ಅಲ್ಲಿನ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಬರುವುದನ್ನು ಕಕ್ಷಿದಾರರಿಗೆ ತಿಳಿಸಿ, ಬಂದ ಹಣವನ್ನು ಅವರಿಗೇ ಮುಟ್ಟಿಸಿ. ಪಾಲಿನ ರಾಜಿಯಲ್ಲಿ ಅಪ್ರಾಪ್ತರ ಹಿತ ಇದ್ದರೆ ನ್ಯಾಯಾಲಯದ ಅನುಮತಿ ಪಡೆಯದೆ ಮುಂದುವರಿಯಬೇಡಿ. ಹುಡುಗ ದೊಡ್ಡವನಾದ ಮೇಲೆ ಅದೇ ರಾಜಿ ಮತ್ತೆ ನ್ಯಾಯಾಲಯಕ್ಕೆ ಬರುತ್ತದೆ.

ಹಂತ 10: ಕಾನೂನು ಅರಿವು ಕಾರ್ಯಕ್ರಮ ನಡೆಸುವುದು

ನಿಮ್ಮ ಹೆಸರಿನ ಬ್ಯಾನರ್ ಅಡಿಯಲ್ಲಿ ನಡೆಸಬೇಡಿ. ಸಮಿತಿ, ವಕೀಲರ ಸಂಘ, ಗ್ರಾಮ ಪಂಚಾಯಿತಿ ಅಥವಾ ಶಾಲೆ ಕರೆಯಲಿ, ನೀವು ಉಪನ್ಯಾಸಕರಾಗಿ ಹೋಗಿ. ವಿಸಿಟಿಂಗ್ ಕಾರ್ಡ್ ಮನೆಯಲ್ಲೇ ಇರಲಿ. ಅರಿವು ಕಾರ್ಯಕ್ರಮಕ್ಕೂ ಕೆಲಸ ಕೋರುವುದಕ್ಕೂ ನಡುವಿನ ಗೋಡೆ ಆ ಕಾರ್ಡಿನಷ್ಟೇ ತೆಳು.

ಒಂದು ದಿನಕ್ಕೆ ಒಂದೇ ವಿಷಯ. ಪೋಕ್ಸೊ, ಬಾಲ್ಯವಿವಾಹ, ಮೋಟಾರು ವಾಹನ, ಗ್ರಾಹಕ ಹಕ್ಕು ಎಲ್ಲವನ್ನೂ ಒಂದೂವರೆ ಗಂಟೆಯಲ್ಲಿ ಸುರಿದರೆ ಜನರಿಗೆ ನೆನಪುಳಿಯುವುದು ಕೊನೆಯ ಉಪ್ಪಿಟ್ಟು ಮಾತ್ರ. ಸ್ವಸಹಾಯ ಸಂಘದ ಸಭೆಯಾದರೆ ಹೆಣ್ಣುಮಕ್ಕಳ ಪಾಲಿನ ಹಕ್ಕು ತೆಗೆದುಕೊಳ್ಳಿ. "ನಮ್ಮಪ್ಪ 2005ಕ್ಕೆ ಮೊದಲೇ ತೀರಿಹೋದರು, ನಮಗೆ ಪಾಲಿಲ್ಲವಂತೆ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕ ಅಥವಾ ಡಿಕ್ರಿಯ ಮೂಲಕ ವಿಭಾಗವಾಗಿದ್ದರೆ ಅದನ್ನು ಕೆದಕಲಾಗದು ಎಂಬ ಇನ್ನರ್ಧವನ್ನೂ ಅಲ್ಲೇ ಹೇಳಿ. ಅರ್ಧ ಹೇಳಿ ಬಂದರೆ ಹತ್ತು ಮನೆಯಲ್ಲಿ ಜಗಳ ಹಚ್ಚಿ ಬಂದಂತೆ. ಸಹಿ ಹಾಕುವ ಮೊದಲು ಹಕ್ಕು ಬಿಡುಗಡೆ ಪತ್ರವನ್ನು ಓದಿಸಿಕೊಳ್ಳಿ ಎಂಬುದನ್ನು ಎರಡು ಸಲ ಹೇಳಿದರೂ ಹೆಚ್ಚಲ್ಲ.

ಸಭೆ ಮುಗಿದ ಮೇಲೆ ನಿಜವಾದ ಕೆಲಸ ಶುರು. ಅಜ್ಜಿಯೊಬ್ಬರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ ಬಿಚ್ಚುತ್ತಾರೆ: ಮಡಿಕೆಯಲ್ಲಿ ಹರಿದ ಪಹಣಿ, ರೇಷನ್ ಕಾರ್ಡ್, ಮಗನಿಗೆ ಬರೆದುಕೊಟ್ಟ ದಾನಪತ್ರದ ಜೆರಾಕ್ಸ್. "ನೋಡಿಕೊಳ್ಳುತ್ತೇನೆ ಅಂದಿದ್ದ ಸ್ವಾಮಿ, ಈಗ ಊಟಕ್ಕೂ ಕರೆಯುವುದಿಲ್ಲ." ಸುತ್ತ ಇಪ್ಪತ್ತು ಜನ ಕಿವಿಗೊಟ್ಟು ನಿಂತಿರುತ್ತಾರೆ, ಅವರಲ್ಲಿ ಸೊಸೆಯ ಕಡೆಯವರೂ ಇರಬಹುದು. ಅಲ್ಲಿ ಓದಿ ತೀರ್ಪು ಕೊಡಬೇಡಿ. "ನಾಳೆ ನಮ್ಮ ಕಚೇರಿಗೆ ಬನ್ನಿ" ಎಂದೂ ಹೇಳಬೇಡಿ. ಪಕ್ಕಕ್ಕೆ ಕರೆದು ಕೂರಿಸಿ, "ಈ ಪತ್ರದಲ್ಲಿ ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತು ಇದೆಯೇ ನೋಡಬೇಕು ಅಜ್ಜಿ" ಎನ್ನಿ. ಇದ್ದರೆ 2007ರ ಹಿರಿಯ ನಾಗರಿಕರ ಅಧಿನಿಯಮದ ಕಲಂ 23ರ ಅಡಿ ದಾನಪತ್ರ ರದ್ದು ಕೋರಿ ಉಪವಿಭಾಗಾಧಿಕಾರಿಯವರ ಮುಂದೆ ಅರ್ಜಿ ಹಾಕಬಹುದು. ಹೆಣ್ಣುಮಗಳಾದ್ದರಿಂದ ಅವರಿಗೆ ಉಚಿತ ನೆರವಿನ ಹಕ್ಕೂ ಇದೆ. ಸಮಿತಿಯ ಅರ್ಜಿ ನಮೂನೆ ಅಲ್ಲೇ ತುಂಬಿಸಿ, ಸಮಿತಿಯ ಅರೆಕಾನೂನು ಸ್ವಯಂಸೇವಕರ (ಪ್ಯಾರಾ ಲೀಗಲ್ ವಾಲಂಟಿಯರ್) ಕೈಗೆ ಒಪ್ಪಿಸಿ. ಅಸಲು ಕಾಗದ ಮುಟ್ಟಬೇಡಿ. ಬಂದು ಹೆಸರು ಪುಸ್ತಕದಲ್ಲಿ ಸರ್ವೆ ನಂಬರ್ ಸಮೇತ ಬರೆದುಕೊಳ್ಳಿ, ಏಕೆಂದರೆ ಆರು ತಿಂಗಳ ನಂತರ ಅದೇ ಮಗ ನಿಮ್ಮ ಬಾಗಿಲಲ್ಲಿ ನಿಲ್ಲುವ ಸಾಧ್ಯತೆ ಬಹಳ.

ಎಚ್ಚರಿಕೆ: ಕಾರ್ಯಕ್ರಮ ಮುಗಿದ ವಾರ ಎಷ್ಟು ಹೊಸ ಕಕ್ಷಿದಾರರು ಬಂದರೆಂದು ಎಣಿಸತೊಡಗಿದರೆ ನೀವು ಅರಿವು ಕಾರ್ಯಕ್ರಮ ನಡೆಸುತ್ತಿಲ್ಲ. ಸ್ವಲ್ಪ ಕಾಲ ನಿಲ್ಲಿಸಿ.

ಹಂತ 11: ಪಾಲುದಾರಿಕೆ, ಎರಡನೇ ಕಚೇರಿ

ಪಾಲುದಾರಿಕೆ ವಕೀಲರ ಜೊತೆ ಮಾತ್ರ. ಲೆಕ್ಕಪರಿಶೋಧಕರು, ಭೂಮಿ ವ್ಯವಹಾರದ ಗೆಳೆಯರು, ಬಂಡವಾಳ ಹಾಕುತ್ತೇನೆಂಬ ಭಾವ, ಇವರಾರ ಜೊತೆಗೂ ಶುಲ್ಕ ಹಂಚಿಕೊಳ್ಳುವಂತಿಲ್ಲ. 1932ರ ಪಾಲುದಾರಿಕೆ ಅಧಿನಿಯಮದಡಿ ಪತ್ರ ಬರೆದು ನೋಂದಾಯಿಸಿ. ನೋಂದಣಿಯಾಗದ ಸಂಸ್ಥೆ ಒಪ್ಪಂದದ ಬಾಕಿಗಾಗಿ ದಾವೆ ಹೂಡಲಾಗದು ಎಂಬುದನ್ನು ಕಕ್ಷಿದಾರರಿಗೆ ದಿನವೂ ಹೇಳುವ ನಾವೇ ಮರೆಯುತ್ತೇವೆ. ಪತ್ರದಲ್ಲಿ ಬೇರೆಯಾಗುವ ದಿನದ ಬಗ್ಗೆ ವಿವರವಾಗಿ ಬರೆಯಿರಿ: ನಡೆಯುತ್ತಿರುವ ಪ್ರಕರಣಗಳು ಯಾರ ಬಳಿ, ಮುಂಗಡ ಶುಲ್ಕದ ಲೆಕ್ಕ ಹೇಗೆ, ಕಚೇರಿಯ ಫೋನ್ ನಂಬರ್ ಯಾರಿಗೆ. ಕಕ್ಷಿದಾರರು ಯಾರ ಜೊತೆ ಹೋಗಬೇಕೆಂಬುದು ಅವರ ಇಷ್ಟಕ್ಕೆ ಬಿಟ್ಟದ್ದು. ವಕಾಲತ್ತು ಸಂಸ್ಥೆಯ ಹೆಸರಿನಲ್ಲಿ ಅಲ್ಲ, ವಕೀಲರ ಹೆಸರಿನಲ್ಲಿ ಇರಬೇಕು. ಇಬ್ಬರ ಸಹಿಯೂ ಇರಲಿ, ಒಬ್ಬರು ಜ್ವರದಲ್ಲಿ ಮಲಗಿದ ದಿನ ಅನುಕೂಲ.

ಪಕ್ಕದ ತಾಲ್ಲೂಕಿನಲ್ಲಿ ಎರಡನೇ ಕಚೇರಿ ತೆರೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡು ವಾರ ನೀವು ಕಚೇರಿಗೆ ಹೋಗಬೇಡಿ, ಫೋನೂ ಮಾಡಬೇಡಿ. ಹಿಂತಿರುಗಿ ಡೈರಿ, ಕಾಲಮಿತಿ ರಿಜಿಸ್ಟರ್, ರಸೀದಿ ಪುಸ್ತಕ ಮೂರನ್ನೂ ತೆರೆಯಿರಿ. ಸಂಜೆಯ ಕರೆಗಳು ಹೋಗಿವೆಯೇ ಎಂದು ನಾಲ್ಕೈದು ಕಕ್ಷಿದಾರರನ್ನು ಕೇಳಿ. ಎಲ್ಲಾದರೂ ಖಾಲಿ ಸಾಲು ಸಿಕ್ಕಿದರೆ ಬಾಡಿಗೆ ಕರಾರಿಗೆ ಈಗಲೇ ಸಹಿ ಹಾಕಬೇಡಿ, ಹಂತ 3ಕ್ಕೆ ಹಿಂತಿರುಗಿ.